ಆಟವೂ ನನ್ನ ಜೊತೆ ಬೆಳೆಯಬೇಕಿತ್ತಲ್ಲವೇ?

ಪ್ರಶ್ನೆ

ನನಗೀಗ ಮೂವತ್ತು. ಊರು ದಾವಣಗೆರೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎಂಟನೇ ವಯಸ್ಸಿನಿಂದ ನನಗೆ ಪೋಕೆಮಾನ್ ಹುಚ್ಚು. ಮೊದಲು ಕಾರ್ಟೂನ್ ನೆಟ್‌ವರ್ಕ್, ಆಮೇಲೆ ಚಿಪ್ಸ್ ಪೊಟ್ಟಣದಲ್ಲಿ ಸಿಗುತ್ತಿದ್ದ ಟಾಜೊ, ಹೈಸ್ಕೂಲಿನಲ್ಲಿ ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಫೈರ್ ರೆಡ್ ಆಟ. ಕೆಲಸ ಸಿಕ್ಕ ಮೇಲೆ ನನಗಾಗಿ ಕೊಂಡ ಮೊದಲ ದುಬಾರಿ ವಸ್ತು ಎಂದರೆ ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರ. ಆದರೆ ಈಗೀಗ ಆಡುವಾಗ ಖುಷಿಗಿಂತ ಸಿಟ್ಟೇ ಹೆಚ್ಚು ಬರುತ್ತದೆ. ನಾನು ಬೆಳೆದೆ, ಆಟ ಬೆಳೆಯಲಿಲ್ಲ. ಈಗಲೂ ಅದೇ ಬ್ಯಾಡ್ಜು, ಅದೇ ಚಾಂಪಿಯನ್ ಪಟ್ಟ. ಯಾರೂ ಸಾಯುವುದಿಲ್ಲ, ಬರೀ ಮೂರ್ಛೆ ಹೋಗುತ್ತಾರೆ. ಇಷ್ಟು ವರ್ಷ ಜೊತೆಗಿದ್ದ ನಮ್ಮಂಥವರಿಗಾಗಿ ಯುದ್ಧ, ಸಾವು, ರಕ್ತ ಎಲ್ಲ ಇರುವ ಕಥೆ ಕೊಡಬಾರದಾ? ಇದನ್ನು ಆಫೀಸಿನಲ್ಲಿ ಹೇಳಿದರೆ ನಗುತ್ತಾರೆ. ಅಪ್ಪ ‘ಮದುವೆ ವಯಸ್ಸು ಬಂತು, ಇನ್ನೂ ಮಕ್ಕಳಾಟ ಬಿಟ್ಟಿಲ್ಲ’ ಅಂತಾರೆ.

ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ಅಕ್ಕನ ಎಂಟು ವರ್ಷದ ಮಗನಿಗೆ ಆಟ ಹೇಳಿಕೊಟ್ಟೆ. ಇಡೀ ದಿನ ‘ಮಾಮಾ ಮಾಮಾ’ ಅಂತ ಬೆನ್ನು ಬಿಡಲಿಲ್ಲ. ರಾತ್ರಿ ಯಾರೋ ಅಭಿಮಾನಿಗಳು ಮಾಡಿದ ಒಂದು ವಿಡಿಯೊ ತೋರಿಸಿದೆ. ಅದರಲ್ಲಿ ಪಿಕಾಚು ರಕ್ತ ಕಾರಿಕೊಂಡು ಸಾಯುತ್ತದೆ. ‘ನೋಡು, ಇದು ನಿಜವಾದ ಪೋಕೆಮಾನ್’ ಅಂದೆ. ಅವನು ಮಾತೇ ಆಡಲಿಲ್ಲ. ನಡುರಾತ್ರಿ ಎದ್ದು ಅಳುತ್ತ ಕೂತ. ಆಮೇಲೂ ಕೆಲವು ದಿನ ಒಬ್ಬನೇ ಮಲಗಲಿಲ್ಲವಂತೆ. ‘ನಿನಗಿಂತ ಅವನಿಗೇ ಬುದ್ಧಿ ಜಾಸ್ತಿ’ ಎಂದು ಅಕ್ಕ ಬೈದಳು. ಈಗ ಫೋನಿನಲ್ಲೂ ಸರಿಯಾಗಿ ಮಾತಾಡುತ್ತಿಲ್ಲ. ಆಟ ದೊಡ್ಡವರದಾಗಲಿ ಎಂದು ಬಯಸುವುದು ತಪ್ಪಾ? ಅಥವಾ ನಾನೇ ಇದನ್ನು ಬಿಟ್ಟುಬಿಡಬೇಕಾ?

— ಹೆಸರು ಬೇಡ, ಬೆಂಗಳೂರು

ಉತ್ತರ

ಆಟದ ವಿಷಯಕ್ಕೆ ಆಮೇಲೆ ಬರೋಣ. ಮೊದಲು ನಿಮ್ಮ ಸೋದರಳಿಯನ ಮಾತು.

ಎಂಟು ವರ್ಷದ ಮಗು ಹೆದರಿಸುವಂಥದ್ದನ್ನು ನೋಡಿ ನಾಲ್ಕಾರು ರಾತ್ರಿ ಬೆಚ್ಚಿಬೀಳುವುದು, ಅಮ್ಮನ ಪಕ್ಕವೇ ಮಲಗಬೇಕೆಂದು ಹಟ ಹಿಡಿಯುವುದು ಸಹಜ. ಹೆಚ್ಚಿನ ಮಕ್ಕಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ. ವಾರಗಟ್ಟಲೆ ಮುಂದುವರಿದು ಊಟ, ಶಾಲೆ, ನಿದ್ದೆ ಕೆಟ್ಟರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಲು ಅಕ್ಕನಿಗೆ ಹೇಳಿ. ಆದರೆ ನಿಮ್ಮ ಪತ್ರ ಓದುವಾಗ ನನಗೆ ಚುಚ್ಚಿದ್ದು ರಕ್ತದ ವಿಡಿಯೊಗಿಂತ ನೀವು ಅದರ ಜೊತೆ ಹೇಳಿದ ಮಾತು. ಆ ಹುಡುಗ ಬೆಳಗಿನಿಂದ ಸಂಜೆಯವರೆಗೆ ಒಂದು ಹೊಸ ಸ್ನೇಹ ಸಂಪಾದಿಸಿಕೊಂಡಿದ್ದ. ರಾತ್ರಿ ಅವನು ತುಂಬಾ ನಂಬುವ ಮಾಮ ಬಂದು, ನೀನು ಹಗಲೆಲ್ಲ ನೋಡಿದ್ದು ಸುಳ್ಳು, ನಿಜ ಇಲ್ಲಿದೆ ನೋಡು ಎಂದು ಸತ್ತ ಪಿಕಾಚುವನ್ನು ತೋರಿಸಿದ. ಮಗು ಅತ್ತದ್ದು ಅದಕ್ಕೆ.

ಹಾಗಾಗಿ ಮೊದಲು ಅವನ ಜೊತೆ ನೀವೇ ಮಾತಾಡಿ. ಅಕ್ಕನ ಮೂಲಕ ಹೇಳಿಕಳಿಸಬೇಡಿ. ‘ಅದು ಯಾರೋ ಬಿಡಿಸಿದ ಚಿತ್ರ ಪುಟ್ಟಾ, ಆಟದಲ್ಲಿ ಪಿಕಾಚುಗೆ ಏನೂ ಆಗಿಲ್ಲ. ನಾನು ಅದನ್ನು ನಿನಗೆ ತೋರಿಸಬಾರದಿತ್ತು, ಮಾಮಂದು ತಪ್ಪಾಯಿತು’ ಎಂದು ನೇರವಾಗಿ ಹೇಳಿ. ಮಕ್ಕಳಿಗೆ ಉದ್ದುದ್ದ ಸಮಜಾಯಿಷಿ ಬೇಕಾಗುವುದಿಲ್ಲ. ದೊಡ್ಡವರು ತಪ್ಪು ಒಪ್ಪಿಕೊಂಡರೆ ಅವರಿಗೆ ಎಷ್ಟು ನಿರಾಳವಾಗುತ್ತದೆ ಎಂಬುದನ್ನು ಸಲಹೆಗೆಂದು ನನ್ನ ಬಳಿ ಬರುವ ಕುಟುಂಬಗಳಲ್ಲಿ ಮತ್ತೆ ಮತ್ತೆ ನೋಡಿದ್ದೇನೆ.

ಈಗ ನಿಮ್ಮ ಪ್ರಶ್ನೆ. ಆಟ ಬೆಳೆಯಲಿ ಎಂದು ಬಯಸುವುದು ಖಂಡಿತ ತಪ್ಪಲ್ಲ. ಆದರೆ ಬೆಳೆಯುವುದೆಂದರೆ ರಕ್ತ ಎಂದು ನೀವು ಎಣಿಸಿದ್ದೀರಲ್ಲ, ಅದನ್ನು ನಾನು ಒಪ್ಪಲಾರೆ. ಪೋಕೆಮಾನ್‌ನಲ್ಲಿ ಯಾರೂ ಸಾಯುವುದಿಲ್ಲ ಎಂಬ ನಿಮ್ಮ ಮಾತೇ ಸರಿಯಿಲ್ಲ. ಸೈಬರ್ ಕೆಫೆಯಲ್ಲಿ ನೀವು ಆಡಿದ ಫೈರ್ ರೆಡ್, 1996ರಲ್ಲಿ ಜಪಾನಿನಲ್ಲಿ ಬಂದ ಮೊಟ್ಟಮೊದಲ ಆಟದ ಮರುರೂಪ. ಅದರಲ್ಲಿ ಲ್ಯಾವೆಂಡರ್ ಟೌನ್ ಎಂಬ ಊರು ಬರುತ್ತದೆ, ನೆನಪಿದೆಯಾ? ಆ ಊರಿನ ನಡುವೆ ನಿಂತಿರುವ ಏಳು ಅಂತಸ್ತಿನ ಗೋಪುರ ಪೂರ್ತಿ ಪೋಕೆಮಾನ್‌ಗಳ ಸ್ಮಶಾನ. ಸಾಲುಸಾಲು ಸಮಾಧಿಗಳು, ಅವುಗಳ ಮುಂದೆ ತಮ್ಮ ಪೋಕೆಮಾನನ್ನು ನೆನೆದು ನಿಂತ ಜನ. ಅಲ್ಲಿ ಒಂದು ಭೂತ ಎದುರಾಗುತ್ತದೆ. ನಿಮ್ಮ ಪೋಕೆಮಾನ್‌ಗಳು ಹೆದರಿ ಅಲುಗಾಡುವುದಿಲ್ಲ, ಚೆಂಡು ಎಸೆದರೂ ಹಿಡಿಯಲಾಗುವುದಿಲ್ಲ. ಅದು ಯಾರೆಂದು ತಿಳಿಯಲು ಸಿಲ್ಫ್ ಸ್ಕೋಪ್ ಎಂಬ ಸಾಧನ ಬೇಕು. ಅದಕ್ಕಾಗಿ ಇನ್ನೊಂದು ಊರಿಗೆ ಹೋಗಿ ಟೀಮ್ ರಾಕೆಟ್ ಎಂಬ ಖಳರ ಗುಂಪಿನ ಅಡಗುತಾಣಕ್ಕೆ ನುಗ್ಗಬೇಕು. ತಂದು ನೋಡಿದರೆ, ಅದು ಟೀಮ್ ರಾಕೆಟ್‌ನವರು ಕೊಂದ ಒಂದು ತಾಯಿ ಮಾರೊವಾಕ್‌ನ ಆತ್ಮ. ಅದರ ಮರಿ ಕ್ಯುಬೋನ್ ಅನಾಥವಾಗಿದೆ. ಎದುರಿಸಿ ಗೆದ್ದ ಮೇಲೆ ತಾಯಿಯ ಆತ್ಮ ಶಾಂತವಾಗಿ ಹೊರಟುಹೋಗುತ್ತದೆ.

ಬೂದು ಹಸಿರು ಪರದೆಯ ಗೇಮ್ ಬಾಯ್‌ನಲ್ಲಿ, ಅಂಗೈಯಗಲದ ಚಿತ್ರದಲ್ಲಿ, ಒಂದು ತೊಟ್ಟೂ ರಕ್ತವಿಲ್ಲದೆ ಬಂದ ಕಥೆ ಇದು. ನಿಮ್ಮ ವಿಡಿಯೊಗೂ ಇದಕ್ಕೂ ಇರುವ ಅಂತರ ನೋಡಿ. ಎರಡರಲ್ಲೂ ಸಾವಿದೆ. ವಿಡಿಯೊದಲ್ಲಿ ಮಗು ಸುಮ್ಮನೆ ನೋಡುತ್ತ ಕೂರಬೇಕು, ಅವನ ಕೈಯಲ್ಲಿ ಏನೂ ಇಲ್ಲ. ಗೋಪುರದಲ್ಲಿ ಮಗುವಿಗೊಂದು ಕೆಲಸವಿದೆ. ಮೆಟ್ಟಿಲು ಹತ್ತಬೇಕು, ಸೋತು ಇಳಿಯಬೇಕು, ಬೇರೆ ಊರಿಗೆ ಹೋಗಿ ಸಾಧನ ಹುಡುಕಬೇಕು, ಮತ್ತೆ ಬಂದು ಆ ತಾಯಿ ಯಾರೆಂದು ಗುರುತಿಸಬೇಕು, ಅದಕ್ಕೆ ಬಿಡುಗಡೆ ಕೊಡಬೇಕು. ದುಃಖವನ್ನು ತೋರಿಸಿ ಕೈಬಿಡದೆ, ದುಃಖದೊಳಗೆ ನಡೆದು ಹೊರಬರುವ ದಾರಿಯನ್ನೂ ಆ ಆಟ ಕೊಟ್ಟಿತು. ನನ್ನ ಕೆಲಸದಲ್ಲಿ ಅಜ್ಜಿಯನ್ನೋ ಅಪ್ಪನನ್ನೋ ಕಳೆದುಕೊಂಡ ಮಕ್ಕಳ ಜೊತೆ ಕೂರುವಾಗಲೂ ನಾವು ಹುಡುಕುವುದು ಇದನ್ನೇ. ಮಗು ತನ್ನ ದುಃಖಕ್ಕಾಗಿ ಮಾಡಬಹುದಾದ ಕೆಲಸ ಯಾವುದು? ಒಂದು ಚಿತ್ರ ಬರೆಯುವುದೋ, ಗಿಡ ನೆಡುವುದೋ, ಅಜ್ಜಿಯ ಪೆಟ್ಟಿಗೆ ಜೋಡಿಸುವುದೋ.

ನಮ್ಮ ಪುಣ್ಯಕೋಟಿಯ ಹಾಡನ್ನೇ ತೆಗೆದುಕೊಳ್ಳಿ. ನಾವು ಅದನ್ನು ಮೂರು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಡುತ್ತೇವೆ. ಅದರಲ್ಲಿ ಏನಿದೆ? ಹಸಿದ ಹುಲಿ, ಸಾಯಲು ಹೊರಟ ತಾಯಿ, ಕೊನೆಯ ಸಲ ಹಾಲು ಕುಡಿದು ತಬ್ಬಲಿಯಾಗಲಿರುವ ಕರು, ಕಡೆಗೆ ಹಾರಿ ನೆಗೆದು ಪ್ರಾಣ ಬಿಡುವ ಹುಲಿ. ಇಷ್ಟು ಗಟ್ಟಿಯಾದ ಕಥೆ ದೊಡ್ಡವರ ಎಷ್ಟು ಕಾದಂಬರಿಗಳಲ್ಲಿದೆ? ಆದರೂ ಇದು ಮಕ್ಕಳಿಗೆ ತಕ್ಕದ್ದಲ್ಲ ಎಂದು ಯಾವ ತಾಯಿಯೂ ಹೇಳಿಲ್ಲ, ಇದು ಬರೀ ಮಕ್ಕಳ ಹಾಡು ಎಂದು ಯಾವ ಅಜ್ಜನೂ ಬದಿಗಿಟ್ಟಿಲ್ಲ. ಕರುವಿನ ಮಾತು ಬಂದಾಗ ಹಾಡುವವರ ಗಂಟಲೇ ಕಟ್ಟುತ್ತದೆ. ಹುಲಿ ಹಸುವನ್ನು ಸಿಗಿಯುವುದನ್ನು ವರ್ಣಿಸಿದ್ದರೆ ಆ ಹಾಡು ಇನ್ನಷ್ಟು ಪ್ರೌಢವಾಗುತ್ತಿತ್ತೇ? ತೊಡೆಯ ಮೇಲಿನ ಮಗು ಇಳಿದು ಓಡುತ್ತಿತ್ತು, ಅಷ್ಟೇ.

ನೀವು ಕೇಳುವ ಬದಲಾವಣೆಯನ್ನು ಕೆಲವರು ಮಾಡಿಯೂ ನೋಡಿದ್ದಾರೆ. 2005ರಲ್ಲಿ ಸೆಗಾ ಕಂಪನಿ ಸೋನಿಕ್ ಬಳಗದ ಶ್ಯಾಡೊ ಎಂಬ ಪಾತ್ರದ ಕೈಗೆ ಬಂದೂಕು ಕೊಟ್ಟು ಅವನ ಹೆಸರಿನಲ್ಲೇ ಒಂದು ಆಟ ತಂದಿತು. ಮರುವರ್ಷ ದುಂಡುಮುಖದ ಮುದ್ದು ಬಾಂಬರ್‌ಮ್ಯಾನ್‌ಗೆ ಉಕ್ಕಿನ ಕವಚ ತೊಡಿಸಿ, ಕತ್ತಲೆಯ ನೆಲಮಾಳಿಗೆಗೆ ಇಳಿಸಿ, ಆಕ್ಟ್ ಝೀರೊ ಎಂಬ ಆಟ ಬಂತು. ಎರಡನ್ನೂ ವಿಮರ್ಶಕರು ತರಾಟೆಗೆ ತೆಗೆದುಕೊಂಡರು. ವೇಷ ಬದಲಾಗಿತ್ತು, ಹೇಳಲು ಹೊಸ ಮಾತೇನೂ ಇರಲಿಲ್ಲ. ಎಲ್ಲ ಪ್ರಯತ್ನವೂ ಹೀಗೇ ಸೋತಿತು ಎನ್ನಲಾರೆ. ನಾಟಿ ಡಾಗ್ ಸಂಸ್ಥೆ 2001ರ ಬಣ್ಣಬಣ್ಣದ ಜ್ಯಾಕ್ ಅಂಡ್ ಡ್ಯಾಕ್ಸ್ಟರ್ ಆಟದ ಮುಂದಿನ ಭಾಗವನ್ನು 2003ರಲ್ಲಿ ಬಂದೂಕು, ಸೆರೆಮನೆ, ಸೇಡಿನ ಕಥೆಯಾಗಿಸಿತು, ಅದನ್ನು ಬಹಳ ಜನ ಮೆಚ್ಚಿದರು. ಆದರೆ ಆ ಸರಣಿಗೆ ಆಗಿನ್ನೂ ಎರಡೇ ವರ್ಷ. ಅದರ ಮೇಲೆ ಒಂದು ತಲೆಮಾರಿನ ಬಾಲ್ಯ ನಿಂತಿರಲಿಲ್ಲ. ಮುಂದೆ ಅದೇ ಸಂಸ್ಥೆಗೆ ನಿಜಕ್ಕೂ ವಯಸ್ಕರ ಕಥೆ ಹೇಳಬೇಕೆನಿಸಿದಾಗ ಜ್ಯಾಕ್‌ನ ಕುತ್ತಿಗೆಗೆ ಅದನ್ನು ಕಟ್ಟಲಿಲ್ಲ. 2013ರಲ್ಲಿ ‘ದಿ ಲಾಸ್ಟ್ ಆಫ್ ಅಸ್’ ಎಂಬ ಹೊಸ ಜಗತ್ತನ್ನೇ ಕಟ್ಟಿತು. ನನಗೆ ಸರಿ ಕಾಣುವ ದಾರಿ ಅದು.

ನಿಂಟೆಂಡೊದ ಜೆಲ್ಡಾ ಸರಣಿಯ ಕಥೆ ಇನ್ನೂ ಕುತೂಹಲದ್ದು. 2000ದಲ್ಲಿ ಜಪಾನಿನ ಸ್ಪೇಸ್ ವರ್ಲ್ಡ್ ಮೇಳದಲ್ಲಿ ಕಂಪನಿ ಒಂದು ಚಿಕ್ಕ ತುಣುಕು ತೋರಿಸಿತು. ನಾಯಕ ಲಿಂಕ್ ಮತ್ತು ಖಳ ಗ್ಯಾನನ್‌ಡಾರ್ಫ್ ನಡುವೆ ಕತ್ತಿಕಾಳಗ, ಎಲ್ಲ ನಿಜದಂತೆ ಕಾಣುವ ಚಿತ್ರ. ಅಭಿಮಾನಿಗಳು ಕುಣಿದಾಡಿದರು. ಮರುವರ್ಷ ಅದೇ ಮೇಳದಲ್ಲಿ ಕಂಡದ್ದು ಕಾರ್ಟೂನಿನಂಥ ದೊಡ್ಡ ಕಣ್ಣಿನ ಪುಟಾಣಿ ಲಿಂಕ್. ಆಗ ಎದ್ದ ಕೂಗು ನಿಮ್ಮ ಪತ್ರದಲ್ಲಿರುವುದೇ: ನಾವು ಬೆಳೆದಿದ್ದೇವೆ, ನಮಗೆ ಮಕ್ಕಳ ಬೊಂಬೆ ಕೊಡುತ್ತಿದ್ದೀರಾ? ಆ ಆಟ ‘ವಿಂಡ್ ವೇಕರ್’ ಎಂಬ ಹೆಸರಿನಲ್ಲಿ 2002ರ ಕೊನೆಗೆ ಜಪಾನಿನಲ್ಲಿ ಬಿಡುಗಡೆಯಾಯಿತು. ಕೂಗಿದವರಿಗಾಗಿ ಎಂಬಂತೆ 2006ರಲ್ಲಿ ಮಬ್ಬುಗತ್ತಲಿನ, ಗಂಭೀರವಾದ ‘ಟ್ವೈಲೈಟ್ ಪ್ರಿನ್ಸೆಸ್’ ಬಂತು. ಅಮೆರಿಕದ ರೇಟಿಂಗ್ ಮಂಡಳಿ ಅದನ್ನು ಹದಿಮೂರು ದಾಟಿದವರಿಗೆ ಎಂದು ಗುರುತಿಸಿತು, ಜೆಲ್ಡಾ ಸರಣಿಯಲ್ಲಿ ಹಾಗೆ ಆದದ್ದು ಅದೇ ಮೊದಲು.

ಎರಡೂ ಒಳ್ಳೆಯ ಆಟಗಳು. ಆದರೆ ಯಾವುದು ಹೆಚ್ಚು ಪ್ರೌಢ ಎಂದು ಕೇಳಿದರೆ ನಾನು ಆ ಪುಟಾಣಿ ಲಿಂಕ್‌ನ ಆಟವನ್ನೇ ತೋರಿಸುತ್ತೇನೆ. ಅದರಲ್ಲಿ ಒಂದು ಚಿಕ್ಕ ದ್ವೀಪ, ಅಲ್ಲೊಬ್ಬ ಅಜ್ಜಿ, ಮೊಮ್ಮಗ ಮತ್ತು ಮೊಮ್ಮಗಳು. ಮೊಮ್ಮಗಳನ್ನು ದೈತ್ಯ ಹಕ್ಕಿ ಹೊತ್ತೊಯ್ಯುತ್ತದೆ. ತಂಗಿಯನ್ನು ಹುಡುಕಿಕೊಂಡು ಮೊಮ್ಮಗನೂ ಹಡಗು ಹತ್ತುತ್ತಾನೆ. ನೀವು ಸಮುದ್ರ, ಸಾಹಸ ಎಂದು ಮೈಮರೆತು ಆಡುತ್ತೀರಿ. ಎಷ್ಟೋ ಹೊತ್ತಿನ ಮೇಲೆ ಊರ ಕಡೆ ಬಂದು ಮನೆಯೊಳಗೆ ಕಾಲಿಟ್ಟರೆ, ಅಜ್ಜಿ ಕಾಯಿಲೆ ಬಿದ್ದಿರುತ್ತಾಳೆ. ಎದುರಿಗೆ ನಿಂತವನನ್ನು ಗುರುತಿಸದೆ ಇಬ್ಬರ ಹೆಸರನ್ನೂ ಕನವರಿಸುತ್ತಿರುತ್ತಾಳೆ. ದಾವಣಗೆರೆ ಬಿಟ್ಟು ಬೆಂಗಳೂರಿಗೆ ಬಂದ ನಿಮ್ಮಂಥವರಿಗೆ ಇದಕ್ಕಿಂತ ದೊಡ್ಡವರ ದೃಶ್ಯ ಇನ್ನೇನು ಬೇಕು? ಎಂಟು ವರ್ಷದವನು ಅಲ್ಲಿ ಅಜ್ಜಿಗೆ ಹುಷಾರಿಲ್ಲ, ಔಷಧಿ ತರಬೇಕು ಎಂದುಕೊಳ್ಳುತ್ತಾನೆ. ಮೂವತ್ತರವನು ಫೋನ್ ಎತ್ತಿ ಊರಿಗೆ ಕರೆ ಮಾಡುತ್ತಾನೆ. ಆಟ ಇಬ್ಬರಿಗೂ ಒಂದೇ, ರೇಟಿಂಗ್ ಎಲ್ಲರಿಗೂ ತಕ್ಕದ್ದು ಎಂದೇ.

ಪೋಕೆಮಾನಿಗೆ ಮರಳಿದರೆ, 2010ರ ಬ್ಲ್ಯಾಕ್ ಮತ್ತು ವೈಟ್ ಆಟಗಳು ತಮ್ಮ ಸರಣಿಯ ಬುಡಕ್ಕೇ ಕೈ ಹಾಕಿದವು. ಕಾಡಿನ ಪ್ರಾಣಿಯನ್ನು ಹಿಡಿದು, ಚೆಂಡಿನಲ್ಲಿಟ್ಟು, ಕಾದಾಡಿಸುವುದು ಸರಿಯೇ ಎಂದು ಎನ್ ಎಂಬ ಹುಡುಗ ನಿಮ್ಮನ್ನೇ ಕೇಳುತ್ತಾನೆ. ಕೊನೆಯಲ್ಲಿ ಅವನ ಕೋಟೆಯೊಳಗೆ ಅವನು ಬೆಳೆದ ಕೋಣೆ ಸಿಗುತ್ತದೆ. ಆಟದ ರೈಲು, ಬ್ಯಾಸ್ಕೆಟ್‌ಬಾಲ್, ಅಲ್ಲಲ್ಲಿ ಉಗುರಿನಿಂದ ಪರಚಿದ ಗುರುತು. ಮನುಷ್ಯರಿಂದ ನೋವುಂಡ ಪೋಕೆಮಾನ್‌ಗಳ ಜೊತೆಯಲ್ಲೇ ಅವನನ್ನು ಬೆಳೆಸಿ, ಅವನ ಒಳ್ಳೆಯತನವನ್ನೇ ತನ್ನ ಅಧಿಕಾರಕ್ಕೆ ದಾಳ ಮಾಡಿಕೊಂಡವನು ಅವನ ತಂದೆಯ ಸ್ಥಾನದಲ್ಲಿದ್ದ ಗೆಟ್ಸಿಸ್. ಸ್ವಿಚ್‌ನಲ್ಲಿ ಬಂದ ಸ್ಕಾರ್ಲೆಟ್‌ನಲ್ಲೂ ನೋಡಿ: ಶಾಲೆಯಲ್ಲಿ ಕಾಟ ತಿಂದ ಮಕ್ಕಳು ಒಟ್ಟುಗೂಡಿ ಕಟ್ಟಿಕೊಂಡ ಟೀಮ್ ಸ್ಟಾರ್, ತನ್ನ ಕಾಯಿಲೆಯ ನಾಯಿಗಾಗಿ ಮೂಲಿಕೆ ಹುಡುಕುವ ಆರ್ವೆನ್. ಆ ಹುಡುಗನ ಮನೆಯ ಗುಟ್ಟನ್ನು ನಾನಿಲ್ಲಿ ಬಿಚ್ಚುವುದಿಲ್ಲ, ಇನ್ನೂ ಆಡದ ಮಕ್ಕಳು ಓದುತ್ತಿರಬಹುದು. ನೀವು ಕೊನೆಯವರೆಗೆ ಆಡಿದ್ದರೆ ನಿಮಗೆ ಗೊತ್ತು. ಗೊತ್ತಿದ್ದೂ ಈ ಆಟ ಬೆಳೆದಿಲ್ಲ ಎನ್ನುತ್ತೀರಾ?

ಇನ್ನೊಂದು ಮಾತನ್ನು ನೀವು ಯೋಚಿಸಲೇಬೇಕು. ಹ್ಯಾರಿ ಪಾಟರ್ ಪುಸ್ತಕಗಳು 1997ರಿಂದ 2007ರವರೆಗೆ ತಮ್ಮ ಓದುಗರ ಜೊತೆಯಲ್ಲೇ ಬೆಳೆದವು, ಕತ್ತಲೂ ಹೆಚ್ಚುತ್ತ ಹೋಯಿತು. ಆಟವೂ ಹಾಗೇ ಬೆಳೆಯಬಹುದಲ್ಲ ಎಂದು ನಿಮಗನಿಸಬಹುದು. ಆದರೆ ಇವತ್ತು ಹತ್ತು ವರ್ಷದ ಹುಡುಗಿ ಆ ಪುಸ್ತಕ ಓದಲು ಕೂತರೆ ಮೊದಲ ಪುಸ್ತಕವನ್ನೇ ಎತ್ತಿಕೊಳ್ಳುತ್ತಾಳೆ, ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆಟದ ಲೋಕ ಹಾಗಲ್ಲ. ಯಂತ್ರಗಳು ಬದಲಾಗುತ್ತವೆ, ಹಳೆಯ ಕ್ಯಾಸೆಟ್ಟುಗಳು ಮಾಯವಾಗುತ್ತವೆ. ನಿಮಗೆ ಪೋಕೆಮಾನ್‌ನ ಹೊಸ ಆಟ ಎಂದರೆ ಎಷ್ಟನೆಯದೋ ಒಂದು. ನಿಮ್ಮ ಸೋದರಳಿಯನ ವಾರಗೆಯವರಿಗೆ ಅದೇ ಮೊದಲನೆಯದು. ಪ್ರತಿ ಹೊಸ ಆಟವೂ ಯಾರದೋ ಬಾಲ್ಯದ ಆರಂಭವಾಗಬೇಕಾದ ಸರಣಿ, ಹಳಬರ ವಯಸ್ಸನ್ನೇ ಲೆಕ್ಕ ಹಾಕುತ್ತ ಹೋದರೆ ಹೊಸ ಮಗುವಿಗೆ ಒಳಗೆ ಬರಲು ದಾರಿ ಇರುವುದಿಲ್ಲ. 2003ರ ಹೊತ್ತಿಗೆ ಜಪಾನಿನ ಹಳೆಯ ಅಭಿಮಾನಿಗಳೆಲ್ಲ ತಮಗಾಗಿ ಅದನ್ನು ಬದಲಿಸಿಕೊಂಡಿದ್ದರೆ ಎಂಟರ ವಯಸ್ಸಿನಲ್ಲಿ ನಿಮಗೆ ಸಿಗುತ್ತಿದ್ದದ್ದೇನು?

ಈ ಆಟ ಹುಟ್ಟಿದ್ದೇ ಹೊಸ ಮಕ್ಕಳಿಗಾಗಿ. ಪೋಕೆಮಾನ್ ಸೃಷ್ಟಿಸಿದ ಸತೋಶಿ ತಾಜಿರಿ ಚಿಕ್ಕಂದಿನಲ್ಲಿ ಟೋಕಿಯೊ ಅಂಚಿನ ಮಾಚಿದದಲ್ಲಿ ಗದ್ದೆ, ಕೊಳ, ಕಾಡುಗಳಲ್ಲಿ ಹುಳ ಹಿಡಿಯುತ್ತ ಬೆಳೆದವರು. ಊರು ಬೆಳೆದು ಆ ಜಾಗಗಳೆಲ್ಲ ಕಟ್ಟಡಗಳಾದವು. ನಗರದ ಮಕ್ಕಳಿಗೂ ಹುಳ ಹುಡುಕುವ, ಗೆಳೆಯರೊಡನೆ ಬದಲಾಯಿಸಿಕೊಳ್ಳುವ ಆ ಸುಖ ಸಿಗಲಿ ಎಂಬ ಆಸೆಯಿಂದ ಪೋಕೆಮಾನ್ ಬಂತು. ಟಿವಿಯಲ್ಲಿ ನೀವು ನೋಡಿದ ಕಥಾನಾಯಕ ಆ್ಯಶ್‌ಗೆ ಜಪಾನಿನಲ್ಲಿ ಅವರದೇ ಹೆಸರು, ಸತೋಶಿ. ಆ ಹುಡುಗ 1997ರಿಂದ 2023ರವರೆಗೆ ಹತ್ತು ವರ್ಷದವನಾಗಿಯೇ ಉಳಿದ, ಬಳಿಕ ಲಿಕೊ ಮತ್ತು ರಾಯ್ ಎಂಬ ಹೊಸ ಮಕ್ಕಳಿಗೆ ಜಾಗ ಬಿಟ್ಟ. ಅವನು ದೊಡ್ಡವನಾಗಲಿಲ್ಲವೆಂದು ನಿಮಗೆ ಬೇಸರ. ನನಗೆ ಅವನ ಮೇಲೆ ಕೃತಜ್ಞತೆ.

ಹಾಗೆಂದು ನಿಮ್ಮ ದೂರೆಲ್ಲ ಸುಳ್ಳಲ್ಲ. ಆಟ ತುಂಬ ಸುಲಭವಾಗಿದೆ, ಆಡುವವನ ಕೈ ಹಿಡಿದು ನಡೆಸುತ್ತದೆ ಎಂದು ನಿಮಗೆ ಸಿಟ್ಟಿದ್ದರೆ ಅದು ನ್ಯಾಯವಾದ ಸಿಟ್ಟು. 2019ರ ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ, ಕಾದಾಡದ ಪೋಕೆಮಾನ್‌ಗಳಿಗೂ ಅನುಭವದ ಅಂಕ ಹಂಚುವ ವ್ಯವಸ್ಥೆಯನ್ನು ನಿಲ್ಲಿಸಲು ಆಗುವುದಿಲ್ಲ. ಬೇಡ ಎನ್ನುವವರಿಗೆ ಬೇಡವೆನ್ನುವ ಒಂದು ಗುಂಡಿ ಕೊಡಲು ಏನು ಕಷ್ಟ? 2012ರ ಬ್ಲ್ಯಾಕ್ 2, ವೈಟ್ 2ರಲ್ಲಿ ಕಷ್ಟದ ಮಟ್ಟ ಆರಿಸಿಕೊಳ್ಳುವ ಅವಕಾಶವಿತ್ತು, ಮುಂದಿನ ಆಟಗಳು ಅದನ್ನು ಕೈಬಿಟ್ಟವು. ಸ್ಕಾರ್ಲೆಟ್, ವಯೊಲೆಟ್ 2022ರ ನವೆಂಬರಿನಲ್ಲಿ ಬಂದಾಗ ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾದವು. ಆದರೆ ಚಿತ್ರ ತಡವರಿಸುತ್ತಿತ್ತು, ಪಾತ್ರಗಳು ಗೋಡೆಯೊಳಗೆ ಹೂತುಹೋಗುತ್ತಿದ್ದವು. ಆಟದ ತಿದ್ದುಪಡಿ ಬಿಡುವಾಗ ನಿಂಟೆಂಡೊ ತೊಂದರೆಗಾಗಿ ಕ್ಷಮೆಯನ್ನೂ ಕೇಳಬೇಕಾಯಿತು. ಮಕ್ಕಳ ಆಟ ಎಂಬ ಕಾರಣಕ್ಕೆ ಅರೆಬೆಂದ ಕೆಲಸ ಕೊಡುವುದು ಮಕ್ಕಳಿಗೂ ಮಾಡುವ ಅವಮಾನ. ದೊಡ್ಡವರಾದ ಅಭಿಮಾನಿಗಳು ದನಿ ಎತ್ತಬೇಕಾದದ್ದು ಇಲ್ಲಿ. ರಕ್ತ ಬೇಕು ಎಂದಲ್ಲ, ಕೆಲಸ ಚೆನ್ನಾಗಿರಲಿ, ಕಷ್ಟದ ಆಯ್ಕೆ ಇರಲಿ ಎಂದು. ಮುಖ್ಯ ಸರಣಿಯ ಪಕ್ಕದಲ್ಲಿ ಬೇರೆ ಕವಲುಗಳೂ ಇರಲಿ. 2003ರ ಪೋಕೆಮಾನ್ ಕೊಲೊಸಿಯಮ್‌ನಲ್ಲಿ ನಾಯಕನೇ ಕಳ್ಳರ ಗುಂಪನ್ನು ಬಿಟ್ಟು ಬಂದವನು, ಅಲ್ಲಿ ಪೋಕೆಮಾನ್‌ಗಳ ಹೃದಯವನ್ನು ಬೇಕೆಂದೇ ಮುಚ್ಚಿ ಕಾದಾಟದ ಯಂತ್ರಗಳನ್ನಾಗಿ ಮಾಡಿರುತ್ತಾರೆ. ಅಂಥ ಆಟ ಇನ್ನೊಂದು ಬರಲಿ ಎಂದು ನಾನೂ ಆಸೆಪಡುತ್ತೇನೆ.

ಈಗ ನಿಮ್ಮ ಪತ್ರದಲ್ಲಿ ನೀವು ಎರಡೇ ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತಿಗೆ ಬರುತ್ತೇನೆ. ಆಫೀಸಿನಲ್ಲಿ ನಗುತ್ತಾರೆ, ಅಪ್ಪ ಮಕ್ಕಳಾಟ ಅನ್ನುತ್ತಾರೆ. ನನಗನಿಸುವಂತೆ ನಿಮ್ಮ ಸಿಟ್ಟಿನ ಬೇರು ಇಲ್ಲಿದೆ. ಆಟದಲ್ಲಿ ಹೆಣ ಬಿದ್ದರೆ, ಅದರ ಡಬ್ಬಿಯ ಮೇಲೆ ಹದಿನೆಂಟು ಎಂದು ಅಚ್ಚಾದರೆ, ಅದನ್ನು ಪ್ರೀತಿಸುವ ನಿಮಗೂ ಮರ್ಯಾದೆ ಸಿಗುತ್ತದೆ ಎಂಬ ಆಸೆ. ಹದಿನಾಲ್ಕು ಹದಿನೈದರ ಹುಡುಗರಲ್ಲಿ ಇದನ್ನು ನಾನು ದಿನವೂ ನೋಡುತ್ತೇನೆ. ಚಿಕ್ಕವನಲ್ಲ ಎಂದು ತೋರಿಸಲು ಕಪ್ಪು ಬಟ್ಟೆ, ಕ್ರೂರ ಸಿನಿಮಾ. ಆ ವಯಸ್ಸಿಗೆ ಅದು ಬೇಕು, ಅದನ್ನು ಹೀಗಳೆಯುವುದಿಲ್ಲ. ನಿಮಗೆ ಅದರ ಅಗತ್ಯ ಕಳೆದಿದೆ. ದುಡಿಯುತ್ತೀರಿ, ನಿಮ್ಮ ಸ್ವಂತ ಹಣದಲ್ಲಿ ಆಡುತ್ತೀರಿ, ಅಕ್ಕನ ಮಗುವಿಗೆ ನೋವಾಯಿತೆಂದು ಇಷ್ಟುದ್ದ ಪತ್ರ ಬರೆಯುತ್ತೀರಿ. ಇದು ದೊಡ್ಡವರು ಮಾಡುವ ಕೆಲಸ. ಅಪ್ಪನಿಗೆ ಆಟದ ಮಹತ್ವ ವಿವರಿಸಲು ಹೋಗಬೇಡಿ. ಮದುವೆಯ ಮಾತೇ ಬೇರೆ, ಆ ಬಗ್ಗೆ ನಿಮ್ಮ ಮನಸ್ಸಿನಲ್ಲಿರುವುದನ್ನು ಅವರ ಜೊತೆ ಕೂತು ಬಿಚ್ಚಿ ಹೇಳಿ. ಆಟದ ನೆಪದಲ್ಲಿ ಅವರು ಕೇಳುತ್ತಿರುವುದು ಅದನ್ನೇ ಇರಬೇಕು.

ಆಟ ಬಿಡಬೇಕಾ ಎಂದಿರಿ. ಯಾಕೆ ಬಿಡಬೇಕು? ಸಾವು, ನಷ್ಟ, ಹಿಂದಕ್ಕೆ ಪಡೆಯಲಾಗದ ತಪ್ಪಿನ ಭಾರ, ಇದೆಲ್ಲ ನಿಮ್ಮ ಆಟದಲ್ಲಿ ಬೇಕೆಂದರೆ ಕಂಪನಿಯನ್ನು ಕಾಯಬೇಕಿಲ್ಲ. 2010ರಲ್ಲಿ ನಿಕ್ ಫ್ರ್ಯಾಂಕೊ ಎಂಬ ಆಟಗಾರ ಪೋಕೆಮಾನ್ ರೂಬಿಯನ್ನು ತನ್ನದೇ ಕಟ್ಟುಪಾಡು ಹಾಕಿಕೊಂಡು ಆಡಿ, ಆ ಕಥೆಯನ್ನು ಚಿತ್ರಗಳಲ್ಲಿ ಬರೆದ. ನಝ್ಲಾಕ್ ಎಂದು ಹೆಸರಾದ ಆ ಕಟ್ಟುಪಾಡು ಸರಳ: ಪ್ರತಿ ಪ್ರದೇಶದಲ್ಲಿ ಮೊದಲು ಎದುರಾದ ಪೋಕೆಮಾನನ್ನು ಮಾತ್ರ ಹಿಡಿಯಬೇಕು, ಹಿಡಿದದ್ದಕ್ಕೆ ಒಂದು ಹೆಸರಿಡಬೇಕು, ಮೂರ್ಛೆ ಹೋದರೆ ಅದು ಸತ್ತಿತೆಂದೇ ಲೆಕ್ಕ, ಮತ್ತೆ ಬಳಸುವಂತಿಲ್ಲ. ಹೀಗೆ ಒಮ್ಮೆ ಆಡಿ ನೋಡಿ. ನೀವೇ ಹೆಸರಿಟ್ಟು, ಊರಿಂದೂರಿಗೆ ಕರೆದುಕೊಂಡು ಹೋದ ಒಂದು ಬಡಪಾಯಿ ಹಕ್ಕಿ ನಿಮ್ಮ ಅವಸರದಿಂದ ಬಿದ್ದಾಗ ಆಗುವ ಸಂಕಟ ಯಾವ ರಕ್ತದ ವಿಡಿಯೊದಿಂದಲೂ ಆಗುವುದಿಲ್ಲ. ಬೇರೆ ಆಟಗಳೂ ಇವೆ. ನೀವು ಚಿಕ್ಕಂದಿನಲ್ಲಿ ಡಿಜಿಮಾನ್ ನೋಡಿದ್ದರೆ 2022ರ ಡಿಜಿಮಾನ್ ಸರ್ವೈವ್ ಆಡಿ, ಅಲ್ಲಿ ನಿಮ್ಮ ತೀರ್ಮಾನದಿಂದ ಮಕ್ಕಳ ಪ್ರಾಣವೇ ಹೋಗುತ್ತದೆ. ಅದು ಹದಿಹರೆಯ ಮುಟ್ಟಿದವರ ಆಟ, ಸೋದರಳಿಯನಿಗೆ ಈಗಲೇ ತೋರಿಸುವಂಥದ್ದಲ್ಲ.

ಇನ್ನು ಅಕ್ಕ. ಅವರಿಗೆ ನೀವು ಆಟ ಹೇಳಿಕೊಟ್ಟದ್ದಕ್ಕೆ ಕೋಪವಿಲ್ಲ, ಕೇಳದೆ ತೋರಿಸಿದ್ದಕ್ಕೆ ಕೋಪ. ಫೋನ್ ಮಾಡಿ, ಮುಂದೆ ಅವನಿಗೆ ಏನೇ ತೋರಿಸುವ ಮೊದಲು ನಿನ್ನನ್ನು ಕೇಳುತ್ತೇನೆ ಎಂದು ಹೇಳಿ. ಆ ಮಾತು ಉಳಿಸಿಕೊಳ್ಳುವುದಕ್ಕೆ ಸ್ವಿಚ್‌ನಲ್ಲೇ ಅನುಕೂಲವಿದೆ. ಅವನ ಹೆಸರಿನಲ್ಲಿ ಬೇರೆ ಪ್ರೊಫೈಲ್ ಮಾಡಿದರೆ ಅವನ ಆಟ ಅವನದು, ನಿಮ್ಮದು ನಿಮ್ಮದು. ಪೇರೆಂಟಲ್ ಕಂಟ್ರೋಲ್ಸ್ ಎಂಬ ಆ್ಯಪನ್ನು ಅಕ್ಕನ ಫೋನಿಗೆ ಹಾಕಿಕೊಟ್ಟರೆ ಎಷ್ಟು ಹೊತ್ತು ಆಡಬಹುದು, ಯಾವ ವಯಸ್ಸಿನ ಆಟ ತೆರೆಯಬಹುದು ಎಂದು ಅವರೇ ನಿಗದಿ ಮಾಡುತ್ತಾರೆ. ಯೂಟ್ಯೂಬನ್ನು ಮಾತ್ರ ಸದ್ಯಕ್ಕೆ ದೂರವಿಡಿ. ಪಿಕಾಚು ಎಂದು ಹುಡುಕಿದರೆ ಅಂಥದೇ ವಿಡಿಯೊ ಮತ್ತೆ ಎದುರಾಗಬಹುದು.

ಅಕ್ಕ ಒಪ್ಪಿದರೆ ಅವನ ಜೊತೆ 2018ರ ‘ಲೆಟ್ಸ್ ಗೋ ಪಿಕಾಚು’ ಆಡಿ. ಅದರಲ್ಲಿ ಪಿಕಾಚು ಆಟಗಾರನ ಭುಜದ ಮೇಲೇ ಕೂತಿರುತ್ತದೆ. ಪರದೆಯ ಮೇಲೆ ಬೆರಳಿಟ್ಟು ತಲೆ ಸವರಬಹುದು, ಹಣ್ಣು ತಿನ್ನಿಸಬಹುದು. ಅವನ ಕಣ್ಣಲ್ಲಿ ಕೂತಿರುವ ಆ ಸತ್ತ ಪಿಕಾಚುವಿನ ಜಾಗಕ್ಕೆ ಈ ಬದುಕಿರುವುದು ಬರಲಿ, ಅದಕ್ಕೆ ಸ್ವಲ್ಪ ದಿನ ಹಿಡಿಯಬಹುದು. ಸ್ವಿಚ್‌ನ ಇನ್ನೊಂದು ಜಾಯ್‌ಕಾನ್ ನಿಯಂತ್ರಕ ಅಲ್ಲಾಡಿಸಿದರೆ ನೀವೂ ಪರದೆಗೆ ಬಂದು ಅವನ ಪಕ್ಕದಲ್ಲಿ ನಡೆಯಬಹುದು. ಮುಂದೆ ಮುಂದೆ ನಡೆದು ಅವನನ್ನು ಎಳೆಯಬೇಡಿ, ಅವನು ಹೋದ ಕಡೆ ಹೋಗಿ. ಇದು ಕೂಡ ನಿಮ್ಮ ಹಳೆಯ ಫೈರ್ ರೆಡ್‌ನ ನಾಡೇ, ಹಾಗಾಗಿ ಇಲ್ಲೂ ಲ್ಯಾವೆಂಡರ್ ಟೌನ್ ಬರುತ್ತದೆ, ತಬ್ಬಲಿ ಕ್ಯುಬೋನ್ ಬರುತ್ತದೆ. ಆ ಭಾಗ ಹತ್ತಿರವಾದಾಗ ಅಕ್ಕನಿಗೆ ಮೊದಲೇ ಹೇಳಿಡಿ, ಹಗಲು ಹೊತ್ತಿನಲ್ಲೇ ಆಡಿ. ಅದರ ಅಮ್ಮ ಯಾಕೆ ಸತ್ತಳು ಮಾಮಾ ಎಂದು ಅವನು ಕೇಳಿದರೆ ಆಟವನ್ನು ಅಲ್ಲಿಗೆ ನಿಲ್ಲಿಸಿ, ನಿಮಗೆ ತಿಳಿದಷ್ಟನ್ನು ಸುಳ್ಳು ಬೆರೆಸದೆ ಹೇಳಿ. ಅವನು ಮುಂದೆ ಹೋಗೋಣ ಎಂದ ಮೇಲೆ ಮತ್ತೆ ಶುರು ಮಾಡಿ.